ಕಪ್ಪು ಗೀರಿನ ಬಿಳಿ ಬಿಲ್ಲೆ

ಡಗ್ಲಸ್ ಬಂದರಿನಲ್ಲಿ ಹಡಗಿನಿಂದ ಬೈಕು ಇಳಿಸಿಕೊಂಡವನಿಗೆ ಊರು ದಾಟುವವರೆಗೆ ಹೊಸದೇನೂ ಕಾಣುವುದಿಲ್ಲ. ಎಡಗಡೆಯ ಸಂಚಾರ, ಕೆಂಪು ಉಂಗುರದೊಳಗೆ 30 ಎಂದು ಬರೆದ ಫಲಕ, ಕೆಲವು ಕಡೆ 20. ಮನೆಗಳ ಸಾಲು ಮುಗಿದು ಹಸಿರು ಬೇಲಿ ಶುರುವಾಗುವಲ್ಲಿ ಕಂಬದ ಮೇಲೆ ಒಂದು ಬಿಳಿ ಬಿಲ್ಲೆ ಕಾಣುತ್ತದೆ. ಅದರ ಮೇಲೆ ಓರೆಯಾಗಿ ಎಳೆದ ಒಂದು ಕಪ್ಪು ಗೀರು. ಅಂಕಿಯಿಲ್ಲ, ಅಕ್ಷರವಿಲ್ಲ. ಸಮುದ್ರದಾಚೆ ಇಂಗ್ಲೆಂಡಿನ ಹಳ್ಳಿರಸ್ತೆಯಲ್ಲಿ ಇದೇ ಬಿಲ್ಲೆ ಕಂಡರೆ ಕಾರು, ಬೈಕುಗಳು ಗಂಟೆಗೆ 60 ಮೈಲಿ ಮೀರಬಾರದು ಎಂದರ್ಥ. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಇಲ್ಲಿಂದಾಚೆ ವೇಗಮಿತಿಯೇ ಇಲ್ಲ ಎಂದರ್ಥ.

ಪ್ರತಿವರ್ಷ ಮೇ ಕೊನೆಯಿಂದ ಜೂನ್ ಮೊದಲ ಭಾಗದವರೆಗೆ ಈ ಬಿಲ್ಲೆಯನ್ನು ಸರಿಯಾಗಿ ಓದಬೇಕಾದವರ ಸಂಖ್ಯೆ ಒಮ್ಮೆಲೇ ಏರುತ್ತದೆ. ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ ಈ ದ್ವೀಪದ ವಿಸ್ತಾರ 572 ಚದರ ಕಿಲೋಮೀಟರ್, ಬೆಂಗಳೂರು ನಗರಕ್ಕಿಂತ ಚಿಕ್ಕದು. ಜನಸಂಖ್ಯೆ ಸುಮಾರು 84 ಸಾವಿರ. ಟಿಟಿ ಎಂದೇ ಹೆಸರಾದ ಟೂರಿಸ್ಟ್ ಟ್ರೋಫಿ ಮೋಟಾರ್‌ಸೈಕಲ್ ರೇಸ್ ನೋಡಲು ಬರುವವರು 40 ಸಾವಿರಕ್ಕೂ ಹೆಚ್ಚು. ಅವರಲ್ಲಿ ಸಾವಿರಾರು ಜನ ತಮ್ಮ ಬೈಕನ್ನೂ ಜೊತೆಗೆ ತರುತ್ತಾರೆ. ಇಲ್ಲಿ ರೇಸ್ ನಡೆಯುವುದು ಗೋಡೆ ಕಟ್ಟಿದ ಮೈದಾನದಲ್ಲಲ್ಲ, ಬಸ್ಸು, ಹಾಲಿನ ಗಾಡಿ, ಶಾಲೆಯ ಮಕ್ಕಳು ಓಡಾಡುವ ರಸ್ತೆಯಲ್ಲಿ. ಬೆಳಿಗ್ಗೆ ಪ್ರೇಕ್ಷಕ ಬೈಕು ಓಡಿಸಿದ ತಿರುವಿನಲ್ಲೇ ಮಧ್ಯಾಹ್ನ ರೇಸಿನವನು ಬೈಕು ಮಲಗಿಸುತ್ತಾನೆ. ಹಾಗಾಗಿ ಅತಿಥಿಗೆ ಹೇಳುವ ರಸ್ತೆ ನಿಯಮಗಳಿಗೂ ರೇಸಿನ ಚರಿತ್ರೆಗೂ ಒಂದೇ ಬೇರು.

ಬಿಲ್ಲೆಯ ಅರ್ಥವನ್ನು ಬದಲಿಸಿದವರು ದ್ವೀಪದವರಲ್ಲ, ಬ್ರಿಟನ್ನಿನವರು. 1930ರ ರಸ್ತೆ ಸಂಚಾರ ಕಾಯ್ದೆ ಅಲ್ಲಿ ಕಾರು, ಮೋಟಾರ್‌ಸೈಕಲ್‌ಗಳ ವೇಗಮಿತಿಯನ್ನು ಪೂರ್ತಿ ಕಿತ್ತುಹಾಕಿತ್ತು. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 7,000ಕ್ಕೂ ಹೆಚ್ಚು. ಮರುವರ್ಷ ಊರೊಳಗೆ 30 ಮೈಲಿಯ ಮಿತಿ ಬಂತು. ಊರು ಮುಗಿದಲ್ಲಿ ಮಿತಿಯೂ ಮುಗಿಯಿತೆಂದು ಹೇಳುವ ಕೆಲಸ ಈ ಬಿಲ್ಲೆಯದು. (ಅದೇ 1935ರಲ್ಲಿ ಟಿಟಿ ಕುರಿತ ಜಾರ್ಜ್ ಫಾರ್ಮ್‌ಬಿಯ ಹಾಸ್ಯಚಿತ್ರ ಬಿಡುಗಡೆಯಾಯಿತು. ಅದರ ಹೆಸರು 'ನೋ ಲಿಮಿಟ್'.) ಸುಮಾರು ಮೂವತ್ತು ವರ್ಷ ಎರಡೂ ಕಡೆ ಅರ್ಥ ಒಂದೇ ಇತ್ತು. 1965ರ ಡಿಸೆಂಬರ್‌ನಲ್ಲಿ ಬ್ರಿಟನ್ 70 ಮೈಲಿಯ ಮಿತಿ ಹೇರಿ, ಮುಂದೆ ಕಿರಿದಾದ ರಸ್ತೆಗಳಿಗೆ ಅದನ್ನು 60ಕ್ಕೆ ಇಳಿಸಿತು. ಬಿಲ್ಲೆ ಮಾತ್ರ ಇದ್ದಲ್ಲೇ ಉಳಿಯಿತು. ದ್ವೀಪ ಆ ದಾರಿ ಹಿಡಿಯಲಿಲ್ಲ. ಇಂಗ್ಲೆಂಡಿನಿಂದ ಬಂದ ಸವಾರ ಅಲ್ಲಿ ನೋಡುವುದು ತನ್ನ ಅಜ್ಜನ ಕಾಲದ ಬಿಲ್ಲೆಯನ್ನು.

ಬ್ರಿಟನ್ನಿನ ಹಾದಿ ಬಿಡುವ ಅಭ್ಯಾಸ ದ್ವೀಪಕ್ಕೆ ಹೊಸದಲ್ಲ. ಐಲ್ ಆಫ್ ಮ್ಯಾನ್ ಬ್ರಿಟಿಷ್ ರಾಜಮನೆತನದ ಅಧೀನದಲ್ಲಿದ್ದರೂ ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ಅದಕ್ಕೆ ತನ್ನದೇ ಶಾಸನಸಭೆ ಇದೆ, ಹೆಸರು ಟಿನ್‌ವಾಲ್ಡ್. ಸಾವಿರ ವರ್ಷಕ್ಕೂ ಹಳೆಯದೆಂಬುದು ಅದರ ಹೆಮ್ಮೆ. ಆಸ್ತಿಯುಳ್ಳ ಮಹಿಳೆಯರಿಗೆ 1881ರಲ್ಲೇ ಮತ ಕೊಟ್ಟ ಸಭೆ ಅದು. ಪ್ರತಿವರ್ಷ ಸಾಮಾನ್ಯವಾಗಿ ಜುಲೈ 5ರಂದು ಸೇಂಟ್ ಜಾನ್ಸ್ ಎಂಬ ಹಳ್ಳಿಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಹಸಿರು ದಿಬ್ಬದ ಮೇಲೆ ಸಭೆ ಸೇರಿ, ಹೊಸ ಕಾಯ್ದೆಗಳನ್ನು ಬಯಲಿನಲ್ಲಿ ಜನರೆದುರು ಸಾರುತ್ತಾರೆ. ರೇಸಿನ ಕಥೆ ಮತ್ತೆ ಈ ಹಳ್ಳಿಗೇ ಬರುತ್ತದೆ.

ಮೋಟಾರು ವಾಹನವನ್ನು ಬ್ರಿಟನ್ ಮೊದಮೊದಲು ಬೀದಿಗೆ ಬಿಟ್ಟ ಗೂಳಿಯಂತೆ ಕಂಡಿತ್ತು. ಉಗಿಯಂತ್ರಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ 1865ರ ಕಾಯ್ದೆಯಂತೆ ಎಂಜಿನ್ ಗಾಡಿಗೆ ಊರ ಹೊರಗೆ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ. ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕು. 1896ರಲ್ಲಿ ಈ ಕಟ್ಟು ಸಡಿಲವಾಯಿತು. 1903ರ ಮೋಟಾರ್ ಕಾರ್ ಕಾಯ್ದೆ 20 ಮೈಲಿವರೆಗೆ ಅವಕಾಶ ಕೊಟ್ಟಿತು, ಅಂದರೆ ಸುಮಾರು 32 ಕಿಲೋಮೀಟರ್. ಫ್ರಾನ್ಸ್, ಜರ್ಮನಿಯವರು ರಸ್ತೆಗಳ ಮೇಲೆ ಕಾರು ಓಡಿಸಿ ಪರೀಕ್ಷಿಸುತ್ತಿದ್ದಾಗ ಬ್ರಿಟಿಷ್ ತಯಾರಕರು ಕೈಕಟ್ಟಿ ಕೂತಿದ್ದರು. ಗಾರ್ಡನ್ ಬೆನೆಟ್ ಕಪ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯನ್ನು 1902ರಲ್ಲಿ ಸೆಲ್ವಿನ್ ಎಡ್ಜ್ ನೇಪಿಯರ್ ಕಾರಿನಲ್ಲಿ ಗೆದ್ದ. ಗೆದ್ದ ದೇಶವೇ ಮರುವರ್ಷದ ರೇಸ್ ನಡೆಸಬೇಕು. ಇಂಗ್ಲೆಂಡಿನ ರಸ್ತೆ ಮುಚ್ಚುವ ಮಾತೇ ಇರಲಿಲ್ಲ. ಹಾಗಾಗಿ ಐರ್ಲೆಂಡಿಗೆಂದೇ ಪ್ರತ್ಯೇಕ ಕಾಯ್ದೆ ಮಾಡಿ 1903ರ ರೇಸನ್ನು ಅಲ್ಲಿ ಮುಗಿಸಿದರು.

ಮರುವರ್ಷದ ಕಪ್ಪಿಗೆ ಬ್ರಿಟಿಷ್ ತಂಡವನ್ನು ಆರಿಸಲು ಮತ್ತೆ ರಸ್ತೆ ಬೇಕಾಯಿತು. ಬ್ರಿಟನ್ನಿನ ಆಟೋಮೊಬೈಲ್ ಕ್ಲಬ್ಬಿನ ಕಾರ್ಯದರ್ಶಿ ಜೂಲಿಯನ್ ಆರ್ಡ್‌ಗೆ ನೆನಪಾದದ್ದು ಐಲ್ ಆಫ್ ಮ್ಯಾನ್. ಅಲ್ಲಿ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಲಾರ್ಡ್ ರ‍್ಯಾಗ್ಲನ್ ಅವನಿಗೆ ಸೋದರಸಂಬಂಧಿ. ನೆಂಟಸ್ತಿಕೆ ಕೆಲಸ ಮಾಡಿತು, ನಿಜ. ಆದರೆ ಟಿನ್‌ವಾಲ್ಡ್ ಒಪ್ಪಿದ್ದಕ್ಕೆ ಅದೊಂದೇ ಕಾರಣವಲ್ಲ. ಇಂಗ್ಲೆಂಡಿನ ಲ್ಯಾಂಕಷೈರ್‌ನ ಗಿರಣಿ ಕಾರ್ಮಿಕರು ಬೇಸಿಗೆ ರಜೆಗೆ ಹಡಗು ತುಂಬ ಬರುತ್ತಿದ್ದ ಕಾಲ ಅದು. 1913ರ ಹೊತ್ತಿಗೆ ಒಂದೇ ವರ್ಷ 6 ಲಕ್ಷಕ್ಕೂ ಹೆಚ್ಚು ಜನ ಬಂದಿಳಿದಿದ್ದರು. ಅತಿಥಿಗಳಿಂದಲೇ ಒಲೆ ಉರಿಯುವ ಊರಿಗೆ ಬೇಸಿಗೆ ಏರುವ ಮೊದಲೇ ಜನ ಬರುವ ಒಂದು ನೆಪ ಸಿಕ್ಕರೆ ಯಾರು ಬೇಡ ಎನ್ನುತ್ತಾರೆ? 1904ರ ಮಾರ್ಚ್‌ನಲ್ಲಿ ಕಾಯ್ದೆ ಪಾಸಾಯಿತು. ಮೇ 10ರಂದು 50 ಮೈಲಿಗೂ ಉದ್ದದ ರಸ್ತೆಯ ಸುತ್ತನ್ನು ಸಾರ್ವಜನಿಕರಿಗೆ ಮುಚ್ಚಿ ಕಾರುಗಳನ್ನು ಓಡಿಸಿದರು. ಕಾಯ್ದೆಯ ಒಂದು ಸಹಿಯಿಂದ ಹೆದ್ದಾರಿ ಕೆಲವು ಗಂಟೆ ಓಟದ ಪಥವಾಗಿ ಮತ್ತೆ ಹೆದ್ದಾರಿಯಾಗುವ ಪದ್ಧತಿ ಅಂದು ಶುರುವಾಯಿತು.

1907ರ ಮೇ 28ರಂದು ಮೋಟಾರ್‌ಸೈಕಲ್‌ಗಳ ಮೊದಲ ಟಿಟಿ ನಡೆಯಿತು. ಹೊರಟದ್ದು ಸೇಂಟ್ ಜಾನ್ಸ್‌ನಿಂದ, ಕಾಯ್ದೆ ಸಾರುವ ಆ ದಿಬ್ಬದ ಹತ್ತಿರದಿಂದಲೇ. ಸುಮಾರು 16 ಮೈಲಿಯ ಸುತ್ತು, ಹತ್ತು ಸಲ. ಹೆಸರಿನಲ್ಲೇ ಇರುವಂತೆ ಅದು ಪ್ರವಾಸಿಗರು ಓಡಿಸುವಂಥ ಬೈಕುಗಳ ಪರೀಕ್ಷೆ. ಒಂಟಿ ಸಿಲಿಂಡರಿನ ಬೈಕು ಒಂದು ಗ್ಯಾಲನ್ ಪೆಟ್ರೋಲಿಗೆ 90 ಮೈಲಿ ಓಡಬೇಕು, ಜೋಡಿ ಸಿಲಿಂಡರಿನದು 75. ನಡುವೆ ಹತ್ತು ನಿಮಿಷ ಕಡ್ಡಾಯ ವಿಶ್ರಾಂತಿ. ಏರಿನಲ್ಲಿ ಉಸಿರುಗಟ್ಟಿದರೆ ಪೆಡಲು ತುಳಿಯಬಹುದಿತ್ತು. ಮ್ಯಾಚ್‌ಲೆಸ್ ಬೈಕಿನ ಚಾರ್ಲಿ ಕಾಲಿಯರ್ ಗಂಟೆಗೆ 38.21 ಮೈಲಿ ಸರಾಸರಿಯಲ್ಲಿ ಗೆದ್ದ. ನಾರ್ಟನ್ ಮೇಲೆ ಕೂತ ರೆಮ್ ಫೌಲರ್ ಜೋಡಿ ಸಿಲಿಂಡರಿನ ವಿಭಾಗದಲ್ಲಿ ಗೆದ್ದ. ಮೂರು ವಾರ ಕಳೆಯುವಷ್ಟರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಓಟಕ್ಕೆಂದೇ ಕಟ್ಟಿದ ಕಾಂಕ್ರೀಟ್ ಪಥ ತೆರೆಯಿತು. ರಸ್ತೆ ಕೊಡದ ದೇಶ ಗೋಡೆಯೊಳಗೆ ಓಡಿತು, ದ್ವೀಪ ರಸ್ತೆಯಲ್ಲೇ ಉಳಿಯಿತು.

1911ರಲ್ಲಿ ಓಟ ಬೆಟ್ಟ ಹತ್ತಿತು. ಡಗ್ಲಸ್‌ನಿಂದ ಪಶ್ಚಿಮಕ್ಕೆ ಹೊರಟು, ಕರಾವಳಿ ಬಳಸಿ ಉತ್ತರದ ರ‍್ಯಾಮ್ಸಿಗೆ ಬಂದು, ಅಲ್ಲಿಂದ 620 ಮೀಟರ್ ಎತ್ತರದ ಸ್ನೇಫೆಲ್ ಬೆಟ್ಟದ ಮಗ್ಗುಲಲ್ಲಿ ಹಾದು ಮತ್ತೆ ಡಗ್ಲಸ್‌ಗೆ ಇಳಿಯುವ ಈ ಸುತ್ತು ಈಗ 37.73 ಮೈಲಿ, ಹೆಚ್ಚುಕಡಿಮೆ 61 ಕಿಲೋಮೀಟರ್. ಆ ವರ್ಷದ ಸೀನಿಯರ್ ರೇಸಿನಲ್ಲಿ ಮೊದಲ ಮೂರು ಸ್ಥಾನವೂ 'ಇಂಡಿಯನ್' ಬೈಕುಗಳಿಗೆ ಹೋಯಿತು. ನಾವು ಎದೆ ಉಬ್ಬಿಸುವಂತಿಲ್ಲ, ಅದು ಅಮೆರಿಕದ ಕಂಪನಿ. ಅದೇ ವರ್ಷ ಅಭ್ಯಾಸದ ವೇಳೆ ಗ್ಲೆನ್ ಹೆಲೆನ್ ಬಳಿ ವಿಕ್ಟರ್ ಸರಿಡ್ಜ್ ಸತ್ತ. ಬೆಟ್ಟದ ಸುತ್ತಿನಲ್ಲಿ ಸತ್ತ ಸ್ಪರ್ಧಿಗಳ ಪಟ್ಟಿ ಅವನಿಂದ ಶುರುವಾಗಿ ಇಂದು 260 ದಾಟಿದೆ.

ಆಗಿನ ಬೆಟ್ಟದ ರಸ್ತೆ ಗಾಡಿಜಾಡು. ಕುರಿಗಳು ಅಲೆಯದಂತೆ ಅಡ್ಡಲಾಗಿ ಗೇಟುಗಳಿದ್ದವು. ಬೆಳಗಿನ ಅಭ್ಯಾಸಕ್ಕೆ ಮೊದಲು ಹೊರಟವನು ಇಳಿದು ಇಳಿದು ಗೇಟು ತೆಗೆಯುತ್ತ ಹೋಗಬೇಕು, ಹಿಂದಿನವರಿಗೆ ದಾರಿ ಸಲೀಸು. ರೇಸಿನ ದಿನ ಮಾತ್ರ ರಸ್ತೆ ಮುಚ್ಚುತ್ತಿದ್ದರು. ಅಭ್ಯಾಸಕ್ಕೆ ಮುಚ್ಚುವ ರೂಢಿ ಇರಲಿಲ್ಲ, ನಸುಕಿನಲ್ಲಿ ಜನ ಏಳುವ ಮುಂಚೆ ಓಡಿಸಿ ಮುಗಿಸಿದರೆ ಸಾಕೆಂಬ ನಂಬಿಕೆ. ನಸುಕಿಗೇ ಏಳುವವರು ರೈತರು, ಹಾಲಿನವರು, ಮೀನಿನವರು ಎಂಬುದು ನಿಯಮ ಬರೆದವರಿಗೆ ಹೊಳೆಯದೆ ಹೋದದ್ದು ವಿಚಿತ್ರ.

ಕೆಲವು ನಿಯಮ ಬೇಗ ಬಂದವು. ಬ್ರೂಕ್‌ಲ್ಯಾಂಡ್ಸ್‌ನ ವೈದ್ಯ ಎರಿಕ್ ಗಾರ್ಡ್‌ನರ್ ತಲೆಗೆ ಬಿದ್ದ ಪೆಟ್ಟುಗಳನ್ನು ಕಂಡು ಕಂಡು, ದಪ್ಪ ಬಟ್ಟೆಗೆ ಅರಗು ಬಳಿದು ಗಟ್ಟಿಮಾಡಿದ ಹೆಲ್ಮೆಟ್ ಮಾಡಿಸಿದರು. 1914ರ ಟಿಟಿಯಲ್ಲಿ ಅದು ಸ್ಪರ್ಧಿಗಳಿಗೆ ಕಡ್ಡಾಯವಾಯಿತು. ರಸ್ತೆ ಮುಚ್ಚುವ ವಿಷಯದಲ್ಲಿ ಮಾತ್ರ ಒಂದು ಜೀವ ಹೋಗಬೇಕಾಯಿತು. 1927ರ ಜೂನ್‌ನಲ್ಲಿ ಕರ್ಕ್ ಮೈಕಲ್ ಹಳ್ಳಿಯ ಹತ್ತಿರ ಅಭ್ಯಾಸದಲ್ಲಿದ್ದ ಆರ್ಚಿ ಬರ್ಕಿನ್ ಎದುರಿಗೆ ಮೀನು ಸಾಗಿಸುವ ವ್ಯಾನು ಬಂತು. ತಪ್ಪಿಸಲು ಹೋದವನು ಉಳಿಯಲಿಲ್ಲ. ಬೆಂಟ್ಲಿ ಕಾರುಗಳ ಹೆಸರಾಂತ ಓಟಗಾರ ಟಿಮ್ ಬರ್ಕಿನ್ ಅವನ ಅಣ್ಣ. ಮರುವರ್ಷದಿಂದ ಅಭ್ಯಾಸಕ್ಕೂ ರಸ್ತೆ ಮುಚ್ಚತೊಡಗಿದರು. ಆ ತಿರುವು ಇಂದಿಗೂ ಬರ್ಕಿನ್ಸ್ ಬೆಂಡ್. ಸಂಜೆ ಹೊತ್ತಿಗೆ ರಸ್ತೆ ಮುಚ್ಚಿ ತಮ್ಮ ಊಟದ ಜಾಗಕ್ಕೆ ಹೋಗಲಾರದೆ ಗೊಣಗುವ ಪ್ರವಾಸಿಗಳು ಒಂದರ್ಥದಲ್ಲಿ ಆ ಮೀನಿನ ವ್ಯಾನಿಗಾಗಿ ಕಾಯುತ್ತಿರುತ್ತಾರೆ.

'ರಸ್ತೆ ಮುಚ್ಚಿದೆ' ಎಂಬ ಮಾತಿನ ಬಿಗಿ ನಮ್ಮ ಕಡೆಯವರಿಗೆ ಒಮ್ಮೆಗೇ ಹಿಡಿತಕ್ಕೆ ಸಿಗುವುದಿಲ್ಲ. ಜಾತ್ರೆಗೆ ರಸ್ತೆ ಮುಚ್ಚಿದರೂ ಸ್ಕೂಟರಿನವನು ಬ್ಯಾರಿಕೇಡಿನ ಸಂದಿಯಲ್ಲಿ ತೂರುತ್ತಾನೆ. ಅಲ್ಲಿ ಮುಚ್ಚುವುದೆಂದರೆ ವಾಹನ ಹೋಗಲಿ, ಕಾಲ್ನಡಿಗೆಯವನೂ ಕಾಲಿಡುವಂತಿಲ್ಲ. ಮನೆಯ ಬಾಗಿಲು ಆ ರಸ್ತೆಗೇ ತೆರೆಯುವವನು ಎದುರುಮನೆಗೆ ಉಪ್ಪು ಕೇಳಲು ದಾಟಿದರೂ ಅಪರಾಧ. ಸಮಯವನ್ನು ಮೊದಲೇ ಪ್ರಕಟಿಸಿರುತ್ತಾರೆ. ಸುತ್ತಿನುದ್ದಕ್ಕೂ ನಿಲ್ಲುವ ಮಾರ್ಷಲ್‌ಗಳು ಸ್ವಯಂಸೇವಕರು. ಮಾರ್ಷಲ್ ಹೇಳಿದ್ದನ್ನು ಪ್ರೇಕ್ಷಕ ಕೇಳಲೇಬೇಕು. ಕೊನೆಯ ಬೈಕು ಹೋಯಿತೆಂದು ಕಣ್ಣಿಗೆ ಕಂಡ ಮಾತ್ರಕ್ಕೆ ರಸ್ತೆ ತೆರೆಯುವುದಿಲ್ಲ. 'ರಸ್ತೆ ತೆರೆದಿದೆ' ಎಂಬ ಫಲಕ ಹೊತ್ತ ಅಧಿಕೃತ ಕಾರು ಆ ಜಾಗ ದಾಟಿ ಹೋಗಬೇಕು. ಅದು ಇನ್ನೂ ಬಾರದ ತಿರುವಿನಲ್ಲಿ ರಸ್ತೆ ಕಾನೂನಿನ ಕಣ್ಣಿಗೆ ರೇಸಿನ ಪಥವೇ.

ಸುತ್ತು ಎಂದ ಮೇಲೆ ಒಳಗು, ಹೊರಗು ಎಂದು ಎರಡಾಯಿತು. ಒಳಗೆ ಸಿಕ್ಕಿಕೊಂಡವನು ಹೊರಗಿನ ಬಂದರಿಗೆ ಹಡಗು ಹಿಡಿಯಲು ಹೋಗುವುದು ಹೇಗೆ? ಡಗ್ಲಸ್ ಹತ್ತಿರ ಹಳೆಯ ರೈಲುಹಳಿ ಹೋಗಿದ್ದ ಜಾಗದಲ್ಲಿ ಅದಕ್ಕೆಂದೇ ಒಂದು ಇಕ್ಕಟ್ಟಾದ ದಾರಿ ಬಿಟ್ಟಿದ್ದಾರೆ. ನಡೆಯುವವರಿಗೆ ಅಲ್ಲಲ್ಲಿ ಮೇಲ್ಸೇತುವೆಗಳಿವೆ. ಬೆಟ್ಟದ ಮೇಲೆ ಬಂಗಲೋ ಎಂಬಲ್ಲಿ ಸ್ನೇಫೆಲ್‌ಗೆ ಹತ್ತುವ ವಿದ್ಯುತ್ ಟ್ರಾಮಿನ ಹಳಿ ಇದೇ ರಸ್ತೆಯನ್ನು ಅಡ್ಡ ಹಾಯುತ್ತದೆ. ರೇಸಿನ ದಿನ ಟ್ರಾಮು ಈಚೆಗೆ ನಿಲ್ಲುತ್ತದೆ, ಜನ ಸೇತುವೆ ಹತ್ತಿ ಇಳಿದು ಆಚೆಯ ಇನ್ನೊಂದು ಟ್ರಾಮು ಹಿಡಿಯುತ್ತಾರೆ. ದಾರಿಬದಿಯ ಚರ್ಚುಗಳು ಅಂಗಳದಲ್ಲಿ ಬೆಂಚು ಹಾಕಿ ಚಹಾ, ಕೇಕು ಮಾರುತ್ತವೆ. ರಸ್ತೆ ಮುಚ್ಚಿದಾಗ ಗಿರಾಕಿ ಎದ್ದು ಹೋಗಲಾರ, ಎರಡನೆಯ ಚಹಾ ಗ್ಯಾರಂಟಿ.

ಅತಿಥಿಗಳಿಗೆ ಹೇಳುವ ಎಚ್ಚರಿಕೆಗಳಲ್ಲಿ ಅತಿ ಗಟ್ಟಿಯಾದದ್ದು ರೇಸು ಇಲ್ಲದ ಒಂದು ದಿನಕ್ಕೆ ಸಂಬಂಧಿಸಿದ್ದಾಗಿತ್ತು. ಹಿಂದೆ ಭಾನುವಾರ ಓಟ ಇರುತ್ತಿರಲಿಲ್ಲ. ಅಭ್ಯಾಸದ ವಾರಕ್ಕೂ ರೇಸಿನ ವಾರಕ್ಕೂ ನಡುವಿನ ಆ ಭಾನುವಾರ ರಸ್ತೆ ತೆರೆದೇ ಇರುತ್ತಿತ್ತು, ಬೈಕು ತಂದವರೆಲ್ಲ ತಾವೂ ಒಂದು ಸುತ್ತು ಹಾಕೋಣ ಎಂದು ಹೊರಡುತ್ತಿದ್ದರು. ಮ್ಯಾಡ್ ಸಂಡೇ ಎಂದು ಜನ ಕರೆದದ್ದು ಇದನ್ನೇ, ಹುಚ್ಚು ಭಾನುವಾರ. ತಿರುವಿನ ಆಚೆ ಎದುರಿನಿಂದ ಯಾರೂ ಬರುವುದಿಲ್ಲ ಎಂಬ ಖಾತರಿ ರೇಸಿನವನಿಗೆ ಇರುತ್ತದೆ, ಸುತ್ತಿನ ಪ್ರತಿ ತಿರುವನ್ನೂ ವರ್ಷಗಟ್ಟಲೆ ಬಾಯಿಪಾಠ ಮಾಡಿರುತ್ತಾನೆ. ಪ್ರೇಕ್ಷಕನ ಬಳಿ ಇರುವುದು ವಿಡಿಯೋ ನೋಡಿದ ನೆನಪು, ಹಿಂದೆ ಸೀಟಿನಲ್ಲಿ ಹೆಂಡತಿ, ಪಕ್ಕಗಳಲ್ಲಿ ಸಾಮಾನಿನ ಪೆಟ್ಟಿಗೆ. ಎದುರಿಗೆ ಅಂಥವರೇ ನೂರಾರು ಜನ. ಅದಕ್ಕೇ ಟಿಟಿ ಹೊತ್ತಿನಲ್ಲಿ ಬೆಟ್ಟದ ರಸ್ತೆಯನ್ನು ರ‍್ಯಾಮ್ಸಿಯಿಂದ ಡಗ್ಲಸ್ ಕಡೆಗೆ ಏಕಮುಖ ಮಾಡುತ್ತಾರೆ. ಕ್ರೆಗ್-ನಿ-ಬಾ ತಿರುವಿನವರೆಗೆ ಹತ್ತು ಮೈಲಿಗೂ ಹೆಚ್ಚು ದೂರ, ಓಟದ ದಿಕ್ಕಿನಲ್ಲೇ. ಎದುರಿನ ಡಿಕ್ಕಿ ತಪ್ಪಿತು. ಹಿಂದಿನಿಂದ ನುಗ್ಗುವವನ ಭಯ, ಬೇಲಿ ಹಾರಿದ ಕುರಿ, ತಟ್ಟನೆ ಇಳಿಯುವ ಮಂಜು ಹಾಗೇ ಉಳಿದವು.

ಆ ಮಂಜಿಗೆ ದ್ವೀಪದವರು ಮನನ್ನಾನ್‌ನ ಹೊದಿಕೆ ಎನ್ನುತ್ತಾರೆ. ಮನನ್ನಾನ್ ಸಮುದ್ರದೇವತೆ. ಶತ್ರುಗಳ ಹಡಗು ಕಂಡಾಗ ತನ್ನ ದ್ವೀಪದ ಮೇಲೆ ಬೂದುಬಣ್ಣದ ಹೊದಿಕೆ ಎಳೆಯುತ್ತಾನಂತೆ. ಬೆಟ್ಟದ ಮೇಲೆ ಅವನು ಹೊದಿಕೆ ಎಳೆದರೆ ಹೆಲಿಕಾಪ್ಟರು ಹಾರುವುದಿಲ್ಲ, ಆಂಬುಲೆನ್ಸ್ ಹೆಲಿಕಾಪ್ಟರು ಹಾರದಿದ್ದರೆ ರೇಸೂ ಇಲ್ಲ.

ಯುರೋಪಿನಿಂದ ಬರುವವರದು ಇನ್ನೊಂದು ತೊಂದರೆ. ಜರ್ಮನ್, ಫ್ರೆಂಚ್ ಸವಾರರು ಬಲಬದಿಯ ಸಂಚಾರದವರು. ಊರೊಳಗೆ ಮುಂದಿನ ವಾಹನ ನೋಡಿ ಎಡಕ್ಕೇ ಹೋಗುತ್ತಾರೆ. ಖಾಲಿ ಹಳ್ಳಿರಸ್ತೆಯಲ್ಲಿ ಪೆಟ್ರೋಲು ಹಾಕಿಸಿಯೋ ಫೋಟೋ ತೆಗೆದೋ ಮತ್ತೆ ಹೊರಟಾಗ ಕೈ ತಾನಾಗಿ ಬಲಕ್ಕೆ ತಿರುಗುತ್ತದೆ. ಬೆಂಗಳೂರಿನಿಂದ ಹೋದವನಿಗೆ ಈ ಪೀಡೆಯಿಲ್ಲ. ಅವನು ಕಲಿಯಬೇಕಾದದ್ದು ರಟ್ಟಿನ ಗಡಿಯಾರದ ಪಾಠ. ಪೇಟೆಯ ಹಲವು ಕಡೆ ಕಾರು ನಿಲ್ಲಿಸಲು ದುಡ್ಡಿಲ್ಲ, ಆದರೆ ತಾನು ಬಂದ ಹೊತ್ತಿಗೆ ಮುಳ್ಳು ತಿರುಗಿಸಿದ ಪಾರ್ಕಿಂಗ್ ಡಿಸ್ಕನ್ನು ಗಾಜಿನ ಹಿಂದೆ ಇಡಬೇಕು. ಇಡದಿದ್ದರೆ ದಂಡ. ಕಾರಿನ ಹಿಂದೆ ಎಳೆದು ತರುವ ಕ್ಯಾರವಾನ್‌ಗೆ ಮುಂಚಿತವಾಗಿ ಪರವಾನಗಿ ಬೇಕು.

ಸ್ಥಳೀಯರ ವಿಷಯದಲ್ಲಿ ಈ 'ಮಿತಿಯಿಲ್ಲದ' ದ್ವೀಪ ಮೃದುವಾಗೇನೂ ಇಲ್ಲ. ಕಾರು ಓಡಿಸಲು 16ಕ್ಕೇ ಲೈಸೆನ್ಸು ಸಿಗುತ್ತದೆ. ಆದರೆ ಹೊಸಬರು ಒಂದು ವರ್ಷ ಕೆಂಪು ಆರ್ ಅಕ್ಷರದ ಫಲಕ ಅಂಟಿಸಿಕೊಂಡು ಗಂಟೆಗೆ 50 ಮೈಲಿ ಮೀರದೆ ಓಡಿಸಬೇಕು. ಬಿಳಿ ಬಿಲ್ಲೆ ಅವರ ಪಾಲಿಗೆ ಒಂದು ವರ್ಷ ಸುಮ್ಮನೆ ಬಿಲ್ಲೆ. ಹೊರಗಿನವನಿಗೂ ವೇಗಮಿತಿ ಇಲ್ಲವೆಂಬುದು ಕೋರ್ಟಿನಲ್ಲಿ ರಕ್ಷೆಯಲ್ಲ. ಅಪಾಯಕಾರಿ ಚಾಲನೆಗೆ ಅಂಕಿ ಬೇಕಿಲ್ಲ, ತಿರುವಿನಲ್ಲಿ ಅಡ್ಡಾದಿಡ್ಡಿ ಓವರ್‌ಟೇಕ್ ಮಾಡಿದ್ದೇ ಸಾಕು. ಟಿಟಿ ಬಂದಾಗಲೆಲ್ಲ ಇಂಥ ಪ್ರಕರಣದಲ್ಲಿ ದಂಡ ಕಟ್ಟಿ, ಚಾಲನೆಯ ಹಕ್ಕು ಕಳೆದುಕೊಂಡು ಹಡಗು ಹತ್ತಿದವರ, ಜೈಲು ಕಂಡವರ ಸುದ್ದಿ ಬರುತ್ತದೆ. 2000ದ ದಶಕದ ನಡುವೆ ಇಡೀ ದ್ವೀಪಕ್ಕೆ ಒಂದು ಗರಿಷ್ಠ ಮಿತಿ ಹಾಕುವ ಪ್ರಸ್ತಾಪ ಎದ್ದಿತ್ತು. ಜನ ಒಪ್ಪಲಿಲ್ಲ, ಅದು ಬಿದ್ದುಹೋಯಿತು. ಬೇಡವೆಂದವರಿಗೆ ವೇಗದ ಮೋಹ ಎಷ್ಟಿತ್ತೋ ಇಂಗ್ಲೆಂಡಿನವರಂತೆ ಆಗಬಾರದೆಂಬ ಹಟವೂ ಅಷ್ಟೇ ಇತ್ತೆಂದು ಕಾಣುತ್ತದೆ.

ಕಾಯ್ದೆಯ ಪುಸ್ತಕದಲ್ಲಿಲ್ಲದ ಒಂದು ನಿಯಮವನ್ನು ಎಲ್ಲರೂ ಪಾಲಿಸುತ್ತಾರೆ. ಡಗ್ಲಸ್‌ನಿಂದ ಕ್ಯಾಸಲ್‌ಟೌನ್‌ಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಸೇತುವೆ, ಹೆಸರು ಫೇರಿ ಬ್ರಿಡ್ಜ್. ದಾಟುವಾಗ ಅಲ್ಲಿ ವಾಸಿಸುವ ಅದೃಶ್ಯರಿಗೆ ನಮಸ್ಕಾರ ಹೇಳಬೇಕು, ಇಲ್ಲವಾದರೆ ಕೇಡು ತಪ್ಪದು. ಮ್ಯಾಂಕ್ಸ್ ಭಾಷೆಯಲ್ಲಿ ಅವರು 'ಸಣ್ಣ ಜನ'. ನಮ್ಮಲ್ಲಿ ಘಾಟಿ ಇಳಿಯುವ ಮುಂಚೆ ಲಾರಿಯವರು ದಾರಿಬದಿಯ ಗುಡಿಯ ಹುಂಡಿಗೆ ಕಾಸು ಹಾಕುವುದಿಲ್ಲವೇ, ಹಾಗೆ. ಗಂಟೆಗೆ 200 ಕಿಲೋಮೀಟರ್ ಓಡಿಸುವ ರೇಸುಗಾರರೂ ಸೇತುವೆಯ ಹತ್ತಿರ ವೇಗ ತಗ್ಗಿಸಿ 'ಹಲೋ' ಹೇಳಿ ಮುಂದೆ ಹೋಗುತ್ತಾರೆ.

ಸೇಂಟ್ ಜಾನ್ಸ್‌ಗೆ ಡಗ್ಲಸ್ ಕಡೆಯಿಂದ ಹೋಗಬೇಕಾದವರು ಬಾಲಾಕ್ರೇನ್ ಎಂಬ ಕೂಡುರಸ್ತೆ ದಾಟಬೇಕು. 1907ರಲ್ಲಿ ಸೇಂಟ್ ಜಾನ್ಸ್‌ನಿಂದ ಹೊರಟ ಬೈಕುಗಳು ಇಲ್ಲಿ ಎಡಕ್ಕೆ ಹೊರಳಿ ಕರ್ಕ್ ಮೈಕಲ್ ಕಡೆ ಹೋಗಿದ್ದವು. ಈಗ ಡಗ್ಲಸ್ ಕಡೆಯಿಂದ ಬರುವವು ಬಲಕ್ಕೆ ಹೊರಳಿ ಅದೇ ರಸ್ತೆ ಹಿಡಿಯುತ್ತವೆ. 2023ರಲ್ಲಿ ಪೀಟರ್ ಹಿಕ್‌ಮನ್ ಇಡೀ ಸುತ್ತನ್ನು ಗಂಟೆಗೆ 136.358 ಮೈಲಿ ಸರಾಸರಿಯಲ್ಲಿ ಮುಗಿಸಿದಾಗ ಹಾದುಹೋದ ತಿರುವು ಇದು. ಅಲ್ಲಿ ಟ್ರಾಫಿಕ್ ಸಿಗ್ನಲ್ ಇದೆ. ರೇಸಿನ ದಿನ ಅದನ್ನು ಯಾರೂ ಕೇಳುವುದಿಲ್ಲ. ಫಲಕದ ಕಾರು ದಾಟಿ ಹೋದ ಮೇಲೆ ಬೇಲಿಯ ಹಿಂದೆ ಕಾಯುತ್ತಿದ್ದ ಬೈಕುಗಳು, ಒಂದು ಟ್ರ್ಯಾಕ್ಟರು, ಪೀಲ್‌ಗೆ ಹೊರಟ ಬಸ್ಸು ಸಾಲಾಗಿ ಬಂದು ಕೆಂಪು ದೀಪದ ಮುಂದೆ ನಿಲ್ಲುತ್ತವೆ.